ಸಕ್ಕರೆ ಕಾಯಿಲೆ ಇರುವವರ ಕಾಫಿ ಲೋಟ: ಅಳೆದು, ಪರೀಕ್ಷಿಸಿ, ತಿದ್ದಿಕೊಳ್ಳಲು ಒಂದು ಸಮಗ್ರ ಮಾರ್ಗದರ್ಶಿ

ಸಕ್ಕರೆ ಕಾಯಿಲೆ ಇದೆಯೆಂದು ಗೊತ್ತಾದ ದಿನ ನಮ್ಮ ಕಡೆಯ ಹೆಚ್ಚಿನವರು ಕೇಳುವ ಮೊದಲ ಕೆಲವು ಪ್ರಶ್ನೆಗಳಲ್ಲಿ ‘ಕಾಫಿ ಬಿಡಬೇಕೇ?’ ಎಂಬುದೂ ಒಂದು. ಅದಕ್ಕೆ ಸಿಗುವ ಉತ್ತರಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಕಾಫಿ ಕುಡಿದರೆ ಶುಗರ್ ಏರುತ್ತದೆ ಎಂದು ಒಬ್ಬರು ಹೆದರಿಸಿದರೆ, ಕಾಫಿ ಕುಡಿಯುವವರಿಗೆ ಶುಗರ್ ಬರುವುದೇ ಕಡಿಮೆಯಂತೆ ಎಂದು ಇನ್ನೊಬ್ಬರು ಸಮಾಧಾನ ಹೇಳುತ್ತಾರೆ. ಎರಡು ಮಾತಿನ ಹಿಂದೆಯೂ ಸಂಶೋಧನೆ ಇದೆ, ಆದರೆ ಅವೆರಡೂ ಬೇರೆ ಬೇರೆ ಜನರ ಬಗ್ಗೆ, ಬೇರೆ ಬೇರೆ ಕಾಲಾವಧಿಯ ಬಗ್ಗೆ ಹೇಳಿದ ಮಾತುಗಳು.

2014ರಲ್ಲಿ ಪ್ರಕಟವಾದ ಒಂದು ಪರಾಮರ್ಶೆಯು 28 ಅಧ್ಯಯನಗಳನ್ನು, ಅಂದರೆ ಸುಮಾರು 11 ಲಕ್ಷ ಜನರ ಮಾಹಿತಿಯನ್ನು ಒಟ್ಟುಗೂಡಿಸಿ, ಕಾಫಿ ಹೆಚ್ಚು ಕುಡಿಯುವವರಲ್ಲಿ ಎರಡನೇ ಬಗೆಯ (ಟೈಪ್ 2) ಮಧುಮೇಹ ಹೊಸದಾಗಿ ಕಾಣಿಸಿಕೊಳ್ಳುವ ಸಾಧ್ಯತೆ ಕಡಿಮೆ ಎಂದು ತೋರಿಸಿತು. ಕೆಫೀನ್ ತೆಗೆದ ಕಾಫಿ ಕುಡಿಯುವವರಲ್ಲೂ ಇದೇ ಒಲವು ಕಂಡುಬಂದದ್ದರಿಂದ, ಲಾಭವೇನಾದರೂ ಇದ್ದರೆ ಅದು ಕಾಫಿ ಬೀಜದಲ್ಲಿರುವ ಕ್ಲೋರೋಜೆನಿಕ್ ಆಮ್ಲದಂಥ ಇತರ ಅಂಶಗಳದ್ದಿರಬಹುದು. ಇವೆಲ್ಲ ಕಾಯಿಲೆ ಇನ್ನೂ ಬಾರದವರನ್ನು ವರ್ಷಗಟ್ಟಲೆ ಗಮನಿಸಿ ಹೇಳಿದ ಮಾತು. ಇನ್ನೊಂದು ಕಡೆ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು 2008ರಲ್ಲಿ, ಈಗಾಗಲೇ ಎರಡನೇ ಬಗೆಯ ಮಧುಮೇಹವಿದ್ದು ದಿನವೂ ಕಾಫಿ ಕುಡಿಯುತ್ತಿದ್ದ 10 ಜನರಿಗೆ ಒಂದು ದಿನ 500 ಮಿಲಿಗ್ರಾಂ ಕೆಫೀನ್, ಇನ್ನೊಂದು ದಿನ ಕೆಫೀನ್ ಇಲ್ಲದ ಗುಳಿಗೆ ಕೊಟ್ಟು ನಿರಂತರ ಗ್ಲೂಕೋಸ್ ಮಾಪಕ ಹಾಕಿ ನೋಡಿದರು. ಕೆಫೀನ್ ಕೊಟ್ಟ ದಿನ ಹಗಲಿನ ಸರಾಸರಿ ಸಕ್ಕರೆ ಪ್ರತಿಶತ 8ರಷ್ಟು ಹೆಚ್ಚಿತ್ತು, ಊಟದ ನಂತರದ ಏರಿಕೆ ಅದಕ್ಕಿಂತಲೂ ಹೆಚ್ಚಾಗಿತ್ತು. ಅವರಿಗೆ ಕೊಟ್ಟದ್ದು ಗುಳಿಗೆಯನ್ನು, ಕಾಫಿಯನ್ನಲ್ಲ ಎಂಬುದನ್ನು ಈ ಸುದ್ದಿ ಹೇಳುವವರು ಸಾಮಾನ್ಯವಾಗಿ ಬಿಟ್ಟೇ ಬಿಡುತ್ತಾರೆ.

ಹೀಗಾಗಿ ‘ಕಾಫಿ ಒಳ್ಳೆಯದೋ ಕೆಟ್ಟದ್ದೋ’ ಎಂಬ ಪ್ರಶ್ನೆಯಿಂದ ರೋಗಿಗೆ ಹೆಚ್ಚು ಪ್ರಯೋಜನವಿಲ್ಲ. ನಿಮ್ಮ ಲೋಟದಲ್ಲಿ ಏನೇನಿದೆ, ಅದರಲ್ಲಿ ಯಾವುದು ನಿಮ್ಮ ಸಕ್ಕರೆಯನ್ನು ಎಷ್ಟು ಏರಿಸುತ್ತಿದೆ ಎಂಬುದನ್ನು ಬಿಡಿಬಿಡಿಯಾಗಿ ಪತ್ತೆ ಮಾಡುವುದು ಸಾಧ್ಯವಿದೆ. ಅದಕ್ಕೆ ಬೇಕಾದದ್ದು ಒಂದು ಗ್ಲೂಕೋಮೀಟರ್, ಒಂದು ಅಳತೆ ಲೋಟ, ಒಂದು ನೋಟ್‌ಬುಕ್ ಮತ್ತು ಎರಡು ವಾರಗಳ ತಾಳ್ಮೆ.

ಶುರು ಮಾಡುವ ಮುನ್ನ: ಯಾರು ವೈದ್ಯರನ್ನು ಕೇಳಲೇಬೇಕು

ಇನ್ಸುಲಿನ್ ಚುಚ್ಚಿಕೊಳ್ಳುವವರು ಮತ್ತು ಗ್ಲಿಮೆಪಿರೈಡ್, ಗ್ಲಿಕ್ಲಜೈಡ್, ಗ್ಲಿಬೆನ್‌ಕ್ಲಮೈಡ್‌ನಂಥ ಮಾತ್ರೆ ನುಂಗುವವರು ತಿಂಡಿಯನ್ನು ತಡಮಾಡಿದರೆ ಸಕ್ಕರೆ ಅಪಾಯಕರವಾಗಿ ಇಳಿಯಬಹುದು. ಆದ್ದರಿಂದ ಮುಂದೆ ಹೇಳಲಿರುವ ಖಾಲಿ ಹೊಟ್ಟೆಯ ಪರೀಕ್ಷೆಯನ್ನು ಅವರು ವೈದ್ಯರನ್ನು ಕೇಳದೆ ಮಾಡಬಾರದು. ಗರ್ಭಿಣಿಯರು, ಹೃದಯ ಬಡಿತದ ಏರುಪೇರು ಇರುವವರು, ಹತೋಟಿಗೆ ಬಾರದ ರಕ್ತದೊತ್ತಡದವರು ಕೂಡ ಮೊದಲು ವೈದ್ಯರ ಜೊತೆ ಮಾತಾಡಬೇಕು. ಯಾರೇ ಆಗಲಿ, ಈ ಪ್ರಯೋಗದ ದಿನಗಳಲ್ಲಿ ತಾವಾಗಿಯೇ ಮಾತ್ರೆಯ ಪ್ರಮಾಣವನ್ನು ಬದಲಿಸಬಾರದು.

ಮೊದಲ ಹೆಜ್ಜೆ: ನಿಮ್ಮ ಲೋಟವನ್ನು ಅಳೆಯಿರಿ

‘ನಾನು ಎರಡೇ ಎರಡು ಕಾಫಿ ಕುಡಿಯೋದು’ ಎನ್ನುವವರ ಲೆಕ್ಕದಲ್ಲಿ ಬೆಳಗಿನ ಬೆಡ್ ಕಾಫಿ, ಕಚೇರಿಯ ಬೈ ಟು, ಮದುವೆ ಕರೆಯಲು ಬಂದವರ ಜೊತೆ ಕುಡಿದ ಅರ್ಧ ಲೋಟ ಸೇರಿರುವುದಿಲ್ಲ. ಮೂರು ದಿನ ಏನನ್ನೂ ಬದಲಿಸದೆ, ಕುಡಿದ ಪ್ರತಿಯೊಂದು ಕಾಫಿ-ಚಹಾವನ್ನು ಗಂಟೆಯ ಸಮೇತ ಬರೆದಿಡಿ. ನಾಲ್ಕನೇ ದಿನ ನಿಮ್ಮ ಮಾಮೂಲಿ ಲೋಟಕ್ಕೆ ನೀರು ತುಂಬಿ ಅಳತೆ ಪಾತ್ರೆಗೆ ಸುರಿದು ನೋಡಿ. ದರ್ಶಿನಿಯ ಪುಟ್ಟ ಲೋಟ ಸುಮಾರು 100 ಮಿಲಿಲೀಟರ್ ಇದ್ದರೆ, ಮನೆಯ ದೊಡ್ಡ ಸ್ಟೀಲ್ ಲೋಟದಲ್ಲಿ ಅದರ ಎರಡರಷ್ಟು ಹಿಡಿಯಬಹುದು.

ಈಗ ಸಕ್ಕರೆಯಂಶದ ಲೆಕ್ಕ. ಹಸುವಿನ ಹಾಲಿನಲ್ಲಿ ಪ್ರತಿ 100 ಮಿಲಿಲೀಟರಿಗೆ ಸುಮಾರು 5 ಗ್ರಾಂ ಲ್ಯಾಕ್ಟೋಸ್, ಅಂದರೆ ಹಾಲಿನದೇ ಸಕ್ಕರೆ, ಇರುತ್ತದೆ. ಒಂದು ಚಹಾ ಚಮಚ ಸಕ್ಕರೆ ಸುಮಾರು 4ರಿಂದ 5 ಗ್ರಾಂ ತೂಗುತ್ತದೆ. 100 ಮಿಲಿಲೀಟರ್ ಹಾಲು, ಎರಡು ಚಮಚ ಸಕ್ಕರೆ ಬಿದ್ದ ಒಂದು ಲೋಟದಲ್ಲಿ ಹತ್ತಿರ ಹತ್ತಿರ 15 ಗ್ರಾಂ ಸಕ್ಕರೆಯಂಶವಾಯಿತು. ಸಕ್ಕರೆ ತೀರ ಇಳಿದು ನಡುಕ ಬಂದಾಗ ಮೇಲೆತ್ತಲು ಕೊಡುವ ಗ್ಲೂಕೋಸಿನ ಪ್ರಮಾಣವೂ 15 ಗ್ರಾಂ! ಅಂದರೆ ಇಳಿದ ಸಕ್ಕರೆಗೆ ಔಷಧಿಯಾಗಿ ಕೊಡುವಷ್ಟನ್ನೇ ನಾವು ಸಕ್ಕರೆ ಇಳಿಯದೇ ಇರುವಾಗಲೂ ದಿನಕ್ಕೆ ನಾಲ್ಕು ಸಲ ಕುಡಿಯುತ್ತೇವೆ. ಇಷ್ಟಾದ ಮೇಲೂ ಶುಗರ್ ಏರಿದ ತಪ್ಪನ್ನು ಕೆಫೀನ್ ಮೇಲೆ ಹೊರಿಸುವುದು ಅನ್ಯಾಯವೇ ಸರಿ.

ಕೆಫೀನ್ ಲೆಕ್ಕಕ್ಕೆ ನಿಮ್ಮ ಪುಡಿಯ ಪೊಟ್ಟಣವನ್ನು ಓದಬೇಕು. ಅರೇಬಿಕಾ ಬೀಜದ ತೂಕದಲ್ಲಿ ಕೆಫೀನ್ ಪ್ರತಿಶತ 1.2ರ ಆಸುಪಾಸಿನಲ್ಲಿದ್ದರೆ, ರೋಬಸ್ಟಾದಲ್ಲಿ ಅದು 2.2ರ ಹತ್ತಿರ, ಅಂದರೆ ಹೆಚ್ಚುಕಡಿಮೆ ಎರಡರಷ್ಟು. ಕೊಡಗು, ಚಿಕ್ಕಮಗಳೂರು, ಹಾಸನಗಳಲ್ಲಿ ಎರಡೂ ಬೆಳೆಯುತ್ತವೆ, ಮತ್ತು ‘ಸ್ಟ್ರಾಂಗ್’ ಎಂದು ನಾವು ಮೆಚ್ಚುವ ಮಿಶ್ರಣಗಳಲ್ಲಿ ರೋಬಸ್ಟಾದ ಪಾಲು ಸಾಮಾನ್ಯವಾಗಿ ದೊಡ್ಡದು. ಚಿಕೋರಿ ಬೇರಿನಲ್ಲಿ ಕೆಫೀನ್ ಇಲ್ಲ. ನಮ್ಮ ದೇಶದ ಆಹಾರ ಸುರಕ್ಷತಾ ನಿಯಮದ ಪ್ರಕಾರ ಕಾಫಿ-ಚಿಕೋರಿ ಮಿಶ್ರಣದಲ್ಲಿ ಕನಿಷ್ಠ ಪ್ರತಿಶತ 51 ಕಾಫಿ ಇರಲೇಬೇಕು, ಮತ್ತು ಪಾಲೆಷ್ಟೆಂದು ಪೊಟ್ಟಣದ ಮೇಲೆ ಅಚ್ಚಾಗಿರುತ್ತದೆ. ಒಂದು ಲೋಟಕ್ಕೆ 6 ಗ್ರಾಂ ಪುಡಿ ಬೀಳುತ್ತದೆ ಎಂದುಕೊಳ್ಳಿ: ಅದು ಪೂರ್ತಿ ಅರೇಬಿಕಾ ಆದರೆ ಪುಡಿಯಲ್ಲಿರುವ ಕೆಫೀನ್ ಸುಮಾರು 72 ಮಿಲಿಗ್ರಾಂ, ಪೂರ್ತಿ ರೋಬಸ್ಟಾ ಆದರೆ 132 ಮಿಲಿಗ್ರಾಂ, ಪ್ರತಿಶತ 30 ಚಿಕೋರಿ ಬೆರೆತ ಅರೇಬಿಕಾ ಆದರೆ 50 ಮಿಲಿಗ್ರಾಂ. ಕೆಫೀನ್ ಬಿಸಿ ನೀರಿನಲ್ಲಿ ಸುಲಭವಾಗಿ ಕರಗುವುದರಿಂದ ಇದರ ಬಹುಪಾಲು ಮೊದಲ ಡಿಕಾಕ್ಷನ್‌ಗೇ ಇಳಿದುಬಿಡುತ್ತದೆ. ನೆಂಟರು ಹೆಚ್ಚಾದಾಗ ಇಳಿಸುವ ಎರಡನೇ ಡಿಕಾಕ್ಷನ್ನಿನಲ್ಲಿ ರುಚಿಯೂ ಕಮ್ಮಿ, ಕೆಫೀನೂ ಕಮ್ಮಿ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರಲ್ಲಿ ಹೊರತಂದ ಆಹಾರ ಸೂಚಿಯು ದಿನಕ್ಕೆ 300 ಮಿಲಿಗ್ರಾಂ ಕೆಫೀನ್ ಮೀರಬಾರದು ಎನ್ನುತ್ತದೆ. ಚಹಾ, ಕೋಲಾ, ಕೆಲವು ತಲೆನೋವಿನ ಮಾತ್ರೆಗಳಲ್ಲಿರುವ ಕೆಫೀನೂ ಇದೇ ಲೆಕ್ಕಕ್ಕೆ ಸೇರುತ್ತದೆ.

ಎರಡನೇ ಹೆಜ್ಜೆ: ಕೆಫೀನ್ ಏನು ಮಾಡುತ್ತದೆಂದು ತಿಳಿಯಿರಿ

ದೇಹದಲ್ಲಿ ಅಡಿನೋಸಿನ್ ಎಂಬ ವಸ್ತು ಸೇರುತ್ತಾ ಹೋದಂತೆ ದಣಿವು, ನಿದ್ದೆ ಬರುತ್ತವೆ. ಅಡಿನೋಸಿನ್ ಕೂರಬೇಕಾದ ಜಾಗದಲ್ಲಿ ಕೆಫೀನ್ ತಾನು ಹೋಗಿ ಕೂತು ಆ ಸಂದೇಶವನ್ನು ತಡೆಯುತ್ತದೆ. ಅದರ ಜೊತೆಗೇ ಅಡ್ರಿನಲಿನ್ ಸ್ರವಿಕೆ ಹೆಚ್ಚುತ್ತದೆ. ಅಡ್ರಿನಲಿನ್ನಿನ ಕೆಲಸವೆಂದರೆ ದೇಹವನ್ನು ಓಡಲು ಅಣಿಗೊಳಿಸುವುದು. ಹಾಗಾಗಿ ಯಕೃತ್ತು ತನ್ನ ದಾಸ್ತಾನಿನಿಂದ ಗ್ಲೂಕೋಸನ್ನು ರಕ್ತಕ್ಕೆ ಬಿಡುತ್ತದೆ, ಸ್ನಾಯುಗಳು ಇನ್ಸುಲಿನ್ ಮಾತನ್ನು ಸ್ವಲ್ಪ ಹೊತ್ತು ಕಡಿಮೆ ಕೇಳುತ್ತವೆ. ಆರೋಗ್ಯವಂತರ ಮೇದೋಜೀರಕ ಗ್ರಂಥಿ ಇನ್ನಷ್ಟು ಇನ್ಸುಲಿನ್ ಬಿಟ್ಟು ಇದನ್ನು ಸರಿದೂಗಿಸಿಕೊಳ್ಳುತ್ತದೆ. ಮಧುಮೇಹಿಗಳಲ್ಲಿ ಆ ಹೆಚ್ಚುವರಿ ಶಕ್ತಿಯೇ ಕುಂದಿರುತ್ತದೆ.

ಇದರಿಂದ ಒಂದು ಮುಖ್ಯ ಸಂಗತಿ ಹೊರಡುತ್ತದೆ. ಬರಿಯ ಕಪ್ಪು ಕಾಫಿ ಕುಡಿದು ಸುಮ್ಮನಿದ್ದಾಗ ಕೆಫೀನಿನ ಪರಿಣಾಮ ಅಷ್ಟಾಗಿ ಕಾಣದಿರಬಹುದು, ಆದರೆ ಅದೇ ಕಾಫಿಯ ಜೊತೆ ಇಡ್ಲಿ, ಉಪ್ಪಿಟ್ಟು, ಅವಲಕ್ಕಿ ಹೊಟ್ಟೆಗೆ ಬಿದ್ದಾಗ, ಬಂದ ಗ್ಲೂಕೋಸನ್ನು ಒಳಗೆ ಸೇರಿಸಿಕೊಳ್ಳಬೇಕಾದ ಸ್ನಾಯು ಹಿಂಜರಿಯುವುದರಿಂದ ಅದು ಎದ್ದು ಕಾಣುತ್ತದೆ. ಪರೀಕ್ಷೆಯನ್ನು ಎರಡು ಬಗೆಯಲ್ಲಿ ಮಾಡಬೇಕಾಗಿರುವುದು ಇದೇ ಕಾರಣಕ್ಕೆ.

ಮೂರನೇ ಹೆಜ್ಜೆ: ಮನೆಯಲ್ಲೇ ಪರೀಕ್ಷೆ

ಮೊದಲ ಬಗೆ ಖಾಲಿ ಹೊಟ್ಟೆಯದು. ಎದ್ದು, ಕೈಯನ್ನು ಸೋಪಿನಿಂದ ತೊಳೆದು ಒರೆಸಿಕೊಂಡು (ಸಕ್ಕರೆ ಡಬ್ಬಿ ಮುಟ್ಟಿದ ಬೆರಳಿನಿಂದ ತೆಗೆದ ರಕ್ತ ಸುಳ್ಳು ಹೇಳುತ್ತದೆ) ಒಂದು ಸಲ ಸಕ್ಕರೆ ನೋಡಿ. ಆಮೇಲೆ ಆ ದಿನದ ಪಾನೀಯ ಕುಡಿದು, ಬೇರೇನೂ ತಿನ್ನದೆ, ವಾಕಿಂಗ್ ಹೋಗದೆ, ಒಂದು ಗಂಟೆಗೆ ಮತ್ತು ಎರಡು ಗಂಟೆಗೆ ಮತ್ತೆ ನೋಡಿ. ಒಂದು ದಿನ ಬರಿಯ ನೀರು, ಒಂದು ದಿನ ಹಾಲು-ಸಕ್ಕರೆ ಇಲ್ಲದ ಕಪ್ಪು ಕಾಫಿ, ಒಂದು ದಿನ ಸಕ್ಕರೆ ಇಲ್ಲದ ಹಾಲಿನ ಕಾಫಿ, ಒಂದು ದಿನ ನಿಮ್ಮ ಮಾಮೂಲಿ ಕಾಫಿ. ನಾಲ್ಕನ್ನೂ ಇನ್ನೊಂದು ಸುತ್ತು ಮಾಡಿದರೆ ಎಂಟು ಬೆಳಗು, ಗ್ಲೂಕೋಮೀಟರ್‌ಗೆ ಹಾಕುವ 24 ಪರೀಕ್ಷಾ ಪಟ್ಟಿಗಳು (ಸ್ಟ್ರಿಪ್) ಆಗುತ್ತವೆ. 25 ಪಟ್ಟಿಗಳ ಒಂದು ಡಬ್ಬಿ ಸಾಕು. ಬರಿಯ ನೀರಿನ ದಿನ ವ್ಯರ್ಥವೆಂದು ಬಿಡಬೇಡಿ. ಅನೇಕ ಮಧುಮೇಹಿಗಳಲ್ಲಿ ಬೆಳಗಿನ ಜಾವದ ಹಾರ್ಮೋನುಗಳಿಂದಾಗಿ ಏನೂ ತಿನ್ನದಿದ್ದರೂ ಸಕ್ಕರೆ ತಾನಾಗಿಯೇ ಏರುತ್ತದೆ. ನೀರು ಕುಡಿದ ದಿನವೂ ಅಷ್ಟೇ ಏರಿದ್ದರೆ ಪಾಪ, ಕಾಫಿಯದೇನೂ ತಪ್ಪಿಲ್ಲ.

ಎರಡನೆಯ ಬಗೆ ತಿಂಡಿಯ ಜೊತೆಯದು. ಪಟ್ಟಿಗಳಿಗೆ ಹೆಚ್ಚು ಖರ್ಚು ಮಾಡಲಾಗದವರು, ಖಾಲಿ ಹೊಟ್ಟೆಯಲ್ಲಿ ಕಾಯಬಾರದವರು ಇದೊಂದನ್ನು ಮಾಡಿದರೂ ಆದೀತು. ನಾಲ್ಕು ದಿನ ಒಂದೇ ತಿಂಡಿ, ಒಂದೇ ಪ್ರಮಾಣದಲ್ಲಿ, ಒಂದೇ ಹೊತ್ತಿಗೆ ತಿನ್ನಿ. ಎರಡು ದಿನ ಅದರ ಜೊತೆ ಸಕ್ಕರೆ ಹಾಕದ ಕಾಫಿ ಕುಡಿಯಿರಿ. ಇನ್ನೆರಡು ದಿನ ಕಾಫಿಯ ಬದಲು, ಅದರಲ್ಲಿ ಬೀಳುತ್ತಿದ್ದಷ್ಟೇ ಹಾಲನ್ನು ಬಿಸಿ ನೀರಿಗೆ ಬೆರೆಸಿ ಕುಡಿದು, ಕಾಫಿಯನ್ನು ಎರಡನೇ ಅಳತೆ ಮುಗಿದ ಮೇಲೆ ಕುಡಿಯಿರಿ. ಹಾಗೆ ಮಾಡಿದರೆ ಹಾಲಿನ ಪಾಲು ಎರಡೂ ಕಡೆ ಸಮನಾಗುತ್ತದೆ, ಕಾಫಿ ಪೂರ್ತಿ ತಪ್ಪಿ ತಲೆನೋವು ಬರುವುದೂ ತಪ್ಪುತ್ತದೆ. ತಿಂಡಿಯ ಮೊದಲು ಒಂದು ಸಲ, ಮೊದಲ ತುತ್ತಿನಿಂದ ಎರಡು ಗಂಟೆಗೆ ಇನ್ನೊಂದು ಸಲ, ಒಟ್ಟು ಎಂಟು ಪಟ್ಟಿ.

ಜ್ವರ, ನೆಗಡಿ, ಮುಟ್ಟಿನ ದಿನಗಳು, ಹಿಂದಿನ ರಾತ್ರಿಯ ಮದುವೆ ಊಟ, ನಿದ್ದೆಗೆಟ್ಟ ರಾತ್ರಿ ಇವೆಲ್ಲ ಅಂಕಿಗಳನ್ನು ಅಲುಗಿಸುತ್ತವೆ. ಅಂಥ ದಿನ ಪರೀಕ್ಷೆ ಮುಂದೂಡಿ.

ನಾಲ್ಕನೇ ಹೆಜ್ಜೆ: ಅಂಕಿಗಳನ್ನು ಓದುವುದು

ಹೆಚ್ಚಿನವರು ಎಡವುವುದು ಇಲ್ಲೇ. ಮನೆಯ ಗ್ಲೂಕೋಮೀಟರ್ ಪ್ರಯೋಗಾಲಯದ ಯಂತ್ರವಲ್ಲ. ಅಂತಾರಾಷ್ಟ್ರೀಯ ಮಾನದಂಡದ ಪ್ರಕಾರ, ಸಕ್ಕರೆ 100ಕ್ಕಿಂತ ಮೇಲಿದ್ದಾಗ ನೂರರಲ್ಲಿ ತೊಂಬತ್ತೈದು ಓದುಗಳು ನಿಜವಾದ ಅಂಕಿಯ ಆಚೀಚೆ ಪ್ರತಿಶತ 15ರೊಳಗಿದ್ದರೆ ಆ ಯಂತ್ರ ಪಾಸು. ಅಂದರೆ ನಿಜದಲ್ಲಿ 180 ಇರುವ ಸಕ್ಕರೆಯನ್ನು ಅದು 153 ಎಂದೋ 207 ಎಂದೋ ತೋರಿಸಿದರೂ ಕೆಟ್ಟ ಯಂತ್ರವೆನಿಸುವುದಿಲ್ಲ. ಒಂದು ದಿನದ 10 ಅಥವಾ 15 ಅಂಕಿಗಳ ವ್ಯತ್ಯಾಸ ನೋಡಿ ‘ನನಗೆ ಕಾಫಿ ಆಗಿಬರುವುದಿಲ್ಲ’ ಎಂದು ತೀರ್ಮಾನಿಸುವುದು ಆತುರ. ಎರಡು ಸುತ್ತಿನಲ್ಲೂ ವ್ಯತ್ಯಾಸ ಒಂದೇ ದಿಕ್ಕಿಗಿದ್ದು, ಎರಡು ಸಲವೂ 30ರ ಆಸುಪಾಸು ಅಥವಾ ಮೇಲಿದ್ದರೆ ಮಾತ್ರ ಅದಕ್ಕೆ ಬೆಲೆ ಕೊಡಿ.

ಹೋಲಿಸುವಾಗ ಕೊನೆಯ ಅಂಕಿಯನ್ನಲ್ಲ, ಆರಂಭದಿಂದ ಎಷ್ಟು ಏರಿತು ಎಂಬುದನ್ನು ಹೋಲಿಸಬೇಕು. ಕಪ್ಪು ಕಾಫಿ ಮತ್ತು ಸಕ್ಕರೆ ಇಲ್ಲದ ಹಾಲಿನ ಕಾಫಿಯ ಏರಿಕೆ ನೀರಿನ ದಿನದ ಆಸುಪಾಸಿನಲ್ಲೇ ಇದ್ದು, ಮಾಮೂಲಿ ಕಾಫಿಯಲ್ಲಿ ಜಿಗಿದಿದ್ದರೆ ಕಾರಣ ಸಕ್ಕರೆ ಡಬ್ಬಿ. ಐದನೇ ಹೆಜ್ಜೆಗೆ ಹೋಗಿ. ಸಕ್ಕರೆ ಇಲ್ಲದ ಕಾಫಿಯೂ ತಿಂಡಿಯ ಏರಿಕೆಯನ್ನು ಪ್ರತಿ ಸಲ ಹೆಚ್ಚಿಸುತ್ತಿದ್ದರೆ ನೀವು ಕೆಫೀನಿಗೆ ಒಲಿಯುವ ದೇಹದವರಲ್ಲ. ಆರು ಮತ್ತು ಏಳನೇ ಹೆಜ್ಜೆಗಳು ನಿಮಗಾಗಿ. ಎರಡರಲ್ಲೂ ವ್ಯತ್ಯಾಸವೇ ಕಾಣದಿದ್ದರೆ ಹಾಲು-ಪುಡಿಗಳ ಗೊಡವೆ ಬಿಟ್ಟು, ತಟ್ಟೆಯಲ್ಲಿರುವ ತಿಂಡಿಯ ಕಡೆ ನೋಡುವುದು ಜಾಣತನ.

ಐದನೇ ಹೆಜ್ಜೆ: ಸಿಹಿಯನ್ನು ಇಳಿಸುವುದು

ಮಲೆನಾಡಿನ ಬೆಲ್ಲದ ಕಾಫಿಗೆ ನನ್ನ ಪ್ರೀತಿಯಲ್ಲಿ ಕೊರತೆಯಿಲ್ಲ. ಆದರೂ ಹೇಳಬೇಕಾದ ಮಾತೆಂದರೆ, ರಕ್ತದ ಸಕ್ಕರೆಯ ಮಟ್ಟಿಗೆ ಬೆಲ್ಲವೂ ಸಕ್ಕರೆಯೇ. ಅದರ ತೂಕದ ಬಹುಭಾಗ ಸುಕ್ರೋಸ್, ಅಂದರೆ ಸಕ್ಕರೆ ಡಬ್ಬಿಯಲ್ಲಿರುವ ವಸ್ತುವೇ. ಜೇನುತುಪ್ಪ, ತಾಳೆಬೆಲ್ಲ, ‘ಸಾವಯವ’ ಎಂದು ಚೀಟಿ ಅಂಟಿಸಿದ ಕಂದು ಸಕ್ಕರೆ ಇವು ಯಾವುವೂ ಈ ಲೆಕ್ಕದಿಂದ ಪಾರಾಗುವುದಿಲ್ಲ.

ಎರಡು ಚಮಚದಿಂದ ಒಮ್ಮೆಲೇ ಸೊನ್ನೆಗೆ ಇಳಿದವರು ಹೆಚ್ಚಾಗಿ ಒಂದು ವಾರದಲ್ಲಿ ಹಿಂತಿರುಗುತ್ತಾರೆ. ನಾಲ್ಕೈದು ದಿನಕ್ಕೊಮ್ಮೆ ಕಾಲು ಚಮಚ ತೆಗೆಯುತ್ತಾ ಹೋದರೆ ಒಂದು ತಿಂಗಳ ಆಸುಪಾಸಿನಲ್ಲಿ, ನಾಲಿಗೆಗೆ ಗೊತ್ತಾಗದಂತೆಯೇ ಗುರಿ ಮುಟ್ಟಬಹುದು. ಸಿಹಿ ಬಿಟ್ಟ ಮೇಲೆ ಕಹಿ ಮುಂದೆ ಬರುತ್ತದೆ, ಆಗ ಅತಿ ಕಪ್ಪಗೆ ಹುರಿದ ಪುಡಿ ಬಿಟ್ಟು ಹದವಾಗಿ ಹುರಿದ ಅರೇಬಿಕಾ ತಂದರೆ ಅರ್ಧ ಸಮಸ್ಯೆ ಪರಿಹಾರವಾದಂತೆ. ತಾಜಾ ಹಾಲಿಗೆ ತನ್ನದೇ ಒಂದು ಸಿಹಿ ಇದೆ ಎಂಬುದೂ ಆಗಲೇ ಗೊತ್ತಾಗುವುದು.

ಸುಕ್ರಲೋಸ್, ಸ್ಟೀವಿಯಾದಂಥ ಸಿಹಿಕಾರಕಗಳು ಸಕ್ಕರೆಯನ್ನು ನೇರವಾಗಿ ಏರಿಸುವುದಿಲ್ಲ. ತೂಕ ಇಳಿಸಲು ಇವನ್ನು ನೆಚ್ಚಬೇಡಿ ಎಂದು 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದು ಹೌದಾದರೂ, ಆ ಸಲಹೆ ಈಗಾಗಲೇ ಮಧುಮೇಹ ಇರುವವರಿಗೆ ಅನ್ವಯಿಸುವುದಿಲ್ಲವೆಂದು ಅದೇ ದಾಖಲೆಯಲ್ಲಿದೆ. ಸಿಹಿಯ ಚಟ ಬಿಡಿಸಲು ಊರುಗೋಲಿನಂತೆ ಕೆಲವು ತಿಂಗಳು ಬಳಸಿದರೆ ಆಕ್ಷೇಪವಿಲ್ಲ. ಹಾಲು, ಸಕ್ಕರೆ, ಪುಡಿ ಎಲ್ಲ ಒಂದರಲ್ಲೇ ಬೆರೆತು ಬರುವ ದಿಢೀರ್ ಕಾಫಿ ಪೊಟ್ಟಣಗಳನ್ನು ಮಾತ್ರ ಮನೆಗೆ ತರಬೇಡಿ. ಹಿಂಬದಿಯ ಪಟ್ಟಿಯಲ್ಲಿ ಮೊದಲು ಬರೆದಿರುವ ಪದಾರ್ಥ ಯಾವುದೆಂದು ಓದಿದರೆ ಕಾರಣ ತಿಳಿಯುತ್ತದೆ.

ಆರನೇ ಹೆಜ್ಜೆ: ಹೊತ್ತನ್ನು ಬದಲಿಸುವುದು

ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದವರು 2020ರಲ್ಲಿ 29 ಆರೋಗ್ಯವಂತರ ಮೇಲೆ ನಡೆಸಿದ ಪ್ರಯೋಗದಲ್ಲಿ, ರಾತ್ರಿ ಮತ್ತೆ ಮತ್ತೆ ಎಬ್ಬಿಸಿ ನಿದ್ದೆ ಕೆಡಿಸಿದ ಮೇಲೆ ಬೆಳಗ್ಗೆ ಗಟ್ಟಿ ಕಪ್ಪು ಕಾಫಿ ಕೊಟ್ಟು, ಅರ್ಧ ಗಂಟೆಯ ನಂತರ ಸಕ್ಕರೆ ಪಾನಕ ಕುಡಿಸಿದರು. ಕಾಫಿ ಕುಡಿಯದ ದಿನಕ್ಕೆ ಹೋಲಿಸಿದರೆ ಸಕ್ಕರೆಯ ಏರಿಕೆ ಹೆಚ್ಚುಕಡಿಮೆ ಅರ್ಧದಷ್ಟು ಜಾಸ್ತಿಯಾಗಿತ್ತು. ಅವರು ಮಧುಮೇಹಿಗಳಲ್ಲ, ಕುಡಿದ ಕಾಫಿಯೂ ನಮ್ಮ ಲೋಟಕ್ಕಿಂತ ಬಹಳ ಗಟ್ಟಿ. ಆದರೂ ಎದ್ದ ಕೂಡಲೇ ಗಟ್ಟಿ ಕಾಫಿ, ಅದರ ಬೆನ್ನಿಗೇ ತಿಂಡಿ ಎಂಬ ನಮ್ಮ ಕ್ರಮವನ್ನು ಮರುಯೋಚಿಸಲು ಅದು ಸಾಕಷ್ಟು ಕಾರಣ ಕೊಡುತ್ತದೆ. ತಿಂಡಿ ಮುಗಿದು ಒಂದು-ಒಂದೂವರೆ ಗಂಟೆಯ ಬಳಿಕ ಮೊದಲ ಕಾಫಿ ಕುಡಿದು ನೋಡಿ, ಎರಡನೇ ಬಗೆಯ ಪರೀಕ್ಷೆಯಿಂದಲೇ ಗುಣ ಕಂಡಿತೋ ಇಲ್ಲವೋ ಅಳೆಯಬಹುದು. ಊಟ-ತಿಂಡಿಯ ಜೊತೆ ಕಾಫಿ, ಚಹಾ ಕುಡಿದರೆ ಆಹಾರದ ಕಬ್ಬಿಣಾಂಶ ಸರಿಯಾಗಿ ದಕ್ಕುವುದಿಲ್ಲ ಎಂಬುದರಿಂದ, ರಕ್ತಹೀನತೆ ಇರುವ ಹೆಂಗಸರಿಗೆ ಈ ಅಂತರದಿಂದ ಎರಡು ಲಾಭ.

ಸಂಜೆಯ ಕಾಫಿಯ ಲೆಕ್ಕ ಬೇರೆ. ರಕ್ತದಲ್ಲಿರುವ ಕೆಫೀನ್ ಅರ್ಧಕ್ಕಿಳಿಯಲು ಸರಾಸರಿ ಐದು ಗಂಟೆ ಬೇಕು. ಸಂಜೆ ಐದಕ್ಕೆ 100 ಮಿಲಿಗ್ರಾಂ ಕುಡಿದವರಲ್ಲಿ ರಾತ್ರಿ ಹತ್ತಕ್ಕೆ 50, ಬೆಳಗಿನ ಜಾವ ಮೂರಕ್ಕೆ 25 ಮಿಲಿಗ್ರಾಂ ಉಳಿದಿರುತ್ತದೆ. ‘ನನಗೆ ಕಾಫಿ ಕುಡಿದರೂ ನಿದ್ದೆ ಬರುತ್ತದೆ’ ಎನ್ನುವವರಿಗೂ ನಿದ್ದೆಯ ಆಳ ಕಡಿಮೆಯಾಗಬಹುದು, ನಿದ್ದೆ ಕೆಟ್ಟ ಮರುದಿನ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಕೊನೆಯ ಕೆಫೀನ್ ಮಧ್ಯಾಹ್ನ ಎರಡು ಗಂಟೆಯೊಳಗೆ ಮುಗಿಯಲಿ. ಸಂಜೆಗೆ ಕೊತ್ತಂಬರಿ-ಜೀರಿಗೆ ಕಷಾಯ ಇದೆಯಲ್ಲ, ಬೆಲ್ಲ ಹಾಕದಿದ್ದರೆ.

ಏಳನೇ ಹೆಜ್ಜೆ: ಕೆಫೀನ್ ತಗ್ಗಿಸುವುದು

ಥಟ್ಟನೆ ಬಿಟ್ಟರೆ 12ರಿಂದ 24 ಗಂಟೆಯೊಳಗೆ ತಲೆನೋವು, ಮಂಕು, ಸಿಡುಕು ಶುರುವಾಗಿ, ಕೆಲವರಿಗೆ ಒಂದು ವಾರದವರೆಗೂ ಕಾಡುತ್ತದೆ. ಅದರ ಬದಲು ವಾರಕ್ಕೊಂದು ಲೋಟ ಕಡಿಮೆ ಮಾಡಿ, ಅಥವಾ ಲೋಟಗಳ ಸಂಖ್ಯೆ ಹಾಗೇ ಇಟ್ಟು ಪುಡಿಯನ್ನು ಬದಲಿಸಿ: ರೋಬಸ್ಟಾದಿಂದ ಅರೇಬಿಕಾಕ್ಕೆ, ಅಲ್ಲಿಂದ ಅರ್ಧ ಭಾಗ ಕೆಫೀನ್ ತೆಗೆದ ಪುಡಿ ಬೆರೆಸಿದ ಮಿಶ್ರಣಕ್ಕೆ. ಕೆಫೀನ್ ತೆಗೆದ ಕಾಫಿಯಲ್ಲೂ ಲೋಟಕ್ಕೆ ಕೆಲವು ಮಿಲಿಗ್ರಾಂ ಉಳಿದಿರುತ್ತದೆ, ಅದರಿಂದ ತೊಂದರೆಯಿಲ್ಲ.

ಕೊಲೆಸ್ಟರಾಲ್ ಕೂಡ ಹೆಚ್ಚಿರುವವರು ಇನ್ನೊಂದನ್ನು ಗಮನಿಸಬೇಕು. ಪುಡಿಯನ್ನು ನೀರಿನಲ್ಲಿ ಕುದಿಸಿ ತಿಳಿ ಬಸಿದು ಮಾಡುವ ಕಾಫಿಯಲ್ಲಿ ಕೆಫೆಸ್ಟಾಲ್ ಎಂಬ ಎಣ್ಣೆಯಂಶ ಉಳಿದು ಕೆಟ್ಟ ಕೊಲೆಸ್ಟರಾಲನ್ನು ಏರಿಸುತ್ತದೆ. ಕಾಗದದ ಶೋಧಕ ಅದರ ಬಹುಪಾಲನ್ನು ತಡೆಯುತ್ತದೆ.

ಮಾತ್ರೆ, ರಕ್ತಪರೀಕ್ಷೆ ಮತ್ತು ಸಕ್ಕರೆ ಇಳಿಯುವ ಹೊತ್ತು

ಮಧುಮೇಹದ ಜೊತೆ ಥೈರಾಯ್ಡ್ ತೊಂದರೆಯೂ ಇರುವವರು ಬಹಳ ಮಂದಿ. ಬೆಳಗಿನ ಥೈರಾಕ್ಸಿನ್ ಮಾತ್ರೆಯನ್ನು ನೀರಿನಲ್ಲಿ ಮಾತ್ರ ನುಂಗಿ, ಕಾಫಿಗೆ ಒಂದು ಗಂಟೆ ಬಿಡಿ. ಇಲ್ಲವಾದರೆ ಮಾತ್ರೆ ಸರಿಯಾಗಿ ಮೈಗೆ ಹತ್ತುವುದಿಲ್ಲ. ಖಾಲಿ ಹೊಟ್ಟೆಯ ರಕ್ತ ಕೊಡಲು ಹೋಗುವಾಗ ‘ಸಕ್ಕರೆ ಹಾಕಿಲ್ಲ, ಬರೀ ಡಿಕಾಕ್ಷನ್’ ಎಂಬ ರಿಯಾಯಿತಿಯೂ ಬೇಡ. ಎಂಟು ಗಂಟೆ ನೀರಷ್ಟೇ. ಮೂರು ತಿಂಗಳ ಸರಾಸರಿ ತೋರುವ ಎಚ್‌ಬಿಎ1ಸಿ ಪರೀಕ್ಷೆಗೆ ಮಾತ್ರ ಉಪವಾಸ ಬೇಕಿಲ್ಲ.

ಎದೆ ಡವಗುಟ್ಟುವುದು, ಕೈ ನಡುಗುವುದು, ಚಡಪಡಿಕೆ ಇವು ಕೆಫೀನ್ ಹೆಚ್ಚಾದಾಗಲೂ ಬರುತ್ತವೆ, ಸಕ್ಕರೆ ಇಳಿದಾಗಲೂ ಬರುತ್ತವೆ. ‘ಕಾಫಿ ಜಾಸ್ತಿಯಾಯಿತೇನೋ’ ಎಂದು ಊಹಿಸಿ ಕೂರಬಾರದು, ಬೆರಳು ಚುಚ್ಚಿ ನೋಡಬೇಕು. 70ಕ್ಕಿಂತ ಕೆಳಗಿದ್ದರೆ 15 ಗ್ರಾಂ ಗ್ಲೂಕೋಸ್ ಅಥವಾ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿದು, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ; ಏರದಿದ್ದರೆ ಇನ್ನೊಮ್ಮೆ ಕುಡಿಯಿರಿ. ಪ್ರಜ್ಞೆ ಇಲ್ಲದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಇಂಥ ಹೊತ್ತಿನಲ್ಲಿ ಸಕ್ಕರೆ ಹಾಕಿದ ಬಿಸಿ ಹಾಲಿನ ಕಾಫಿ ಮಾಡಿ ತರುವುದು ನಮ್ಮ ಮನೆಗಳ ಅಭ್ಯಾಸ. ಹಾಲಿನ ಕೊಬ್ಬು ಸಕ್ಕರೆ ರಕ್ತಕ್ಕಿಳಿಯುವುದನ್ನು ನಿಧಾನಿಸುತ್ತದೆ, ಕಾಫಿ ಕಾಯಿಸಿ ಆರಿಸುವಷ್ಟು ಸಮಯವೂ ಆಗ ಕೈಯಲ್ಲಿರುವುದಿಲ್ಲ.

ಮಾತ್ರೆ ಬದಲಾದಾಗ, ಇನ್ಸುಲಿನ್ ಶುರುವಾದಾಗ, ಹೊಸ ಪುಡಿಗೆ ಹೊರಳಿದಾಗ ತಿಂಡಿಯ ಜೊತೆಗಿನ ನಾಲ್ಕು ದಿನದ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿ, ಆ ನೋಟ್‌ಬುಕ್ಕನ್ನು ಮುಂದಿನ ಭೇಟಿಯಲ್ಲಿ ವೈದ್ಯರ ಮೇಜಿನ ಮೇಲಿಡಿ.